ಹಿಂದಿನಿಂದ ಬರುವ ಹೆಜ್ಜೆ ಸಪ್ಪಳ

ಎತ್ತರಕ್ಕೆ ಒದ್ದ ಚೆಂಡು ಗಾಳಿಯಲ್ಲಿ ಎರಡು ಮೂರು ಸೆಕೆಂಡು ಇರುತ್ತದೆ. ಅದು ಬೀಳುವ ಜಾಗವನ್ನು ಅಂದಾಜು ಮಾಡಿ, ಕಣ್ಣನ್ನು ಮೇಲೆ ನೆಟ್ಟು, ಚೆಂಡು ಹೋಗುವ ದಿಕ್ಕಿಗೇ ಓಡುವ ಆಟಗಾರನಿಗೆ ಎದುರಿನಿಂದ ಯಾರು ನುಗ್ಗಿ ಬರುತ್ತಿದ್ದಾರೆ ಎಂಬುದು ಕಾಣುವುದಿಲ್ಲ. ಕೇಳಿಸುತ್ತದೆ, ಅಷ್ಟೇ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಒಬ್ಬನಿಗೆ ‘ಹೆಜ್ಜೆ ಸಪ್ಪಳ ಕೇಳಿಸಿತು’ ಎಂದರೆ ಅದು ಹೊಗಳಿಕೆಯಲ್ಲ. ಆ ಸಪ್ಪಳಕ್ಕೆ ಕಿವಿಗೊಟ್ಟವನು ಅರೆಕ್ಷಣ ಚೆಂಡಿನಿಂದ ಕಣ್ಣು ತೆಗೆಯುತ್ತಾನೆ. ಮೈ ತಾನಾಗಿ ಬಿಗಿಯಾಗುತ್ತದೆ, ಚಾಚಿದ ತೋಳು ಒಂದಿಷ್ಟು ಮಡಚಿಕೊಳ್ಳುತ್ತದೆ, ಚೆಂಡು ಬೆರಳ ತುದಿಗೆ ತಾಗಿ ಜಾರುತ್ತದೆ. ಎದುರಾಳಿಯನ್ನು ಮೈಬಲದಿಂದ ಅಂಜಿಸುವ ಲೆಕ್ಕವೆಲ್ಲ ಈ ಅರೆಕ್ಷಣದ ಸುತ್ತಲೇ ಇದೆ. 2002ರಲ್ಲಿ ಬ್ರಿಸ್ಬೇನ್‌ನ ಜೊನಾಥನ್ ಬ್ರೌನ್, 2004ರಲ್ಲಿ ಸಿಡ್ನಿಯ ಮೈದಾನದಲ್ಲಿ ಸೇಂಟ್ ಕಿಲ್ಡಾದ ನಿಕ್ ರಿವೋಲ್ಟ್ ಹೀಗೆ ಬೆನ್ನು ಹಾಕಿ ಓಡಿ ಹಿಡಿದ ಒಂದೊಂದು ಮಾರ್ಕನ್ನು (ಒದ್ದ ಚೆಂಡಿನ ಕ್ಯಾಚನ್ನು) ಜನ ಇವತ್ತಿಗೂ ನೆನೆಯುತ್ತಾರೆ. ಅವರಿಬ್ಬರೂ ಸಪ್ಪಳ ಕೇಳಿಯೂ ಕಣ್ಣು ತೆಗೆಯಲಿಲ್ಲ ಎಂಬುದೇ ಕಾರಣ.

‘ಆಟ ಮೆತ್ತಗಾಯಿತು, ಮೊದಲಿನ ಗಂಡಸುತನ ಉಳಿದಿಲ್ಲ’ ಎಂಬ ದೂರನ್ನು ಮೆಲ್ಬರ್ನ್‌ನ ಯಾವ ಮೂಲೆಯಲ್ಲಿ ನಿಂತರೂ ಕೇಳಬಹುದು. ನನಗೆ ಅದು ಸರಿ ಎನಿಸುವುದಿಲ್ಲ. ಭಯ ಆಟದಿಂದ ಹೋಗಿಲ್ಲ. ಅದನ್ನು ಹುಟ್ಟಿಸುವ ಕೈ ಬದಲಾಗಿದೆ, ಹುಟ್ಟಿಸುವ ಬಗೆ ಬದಲಾಗಿದೆ, ಅದಕ್ಕೆ ತೆರಬೇಕಾದ ಬೆಲೆ ಬದಲಾಗಿದೆ. ಈ ಬದಲಾವಣೆ ಯಾರೋ ಒಳ್ಳೆಯ ಬುದ್ಧಿ ಹೇಳಿದ್ದರಿಂದ ಆದದ್ದಲ್ಲ. ಬಹುಪಾಲು ಲೆಕ್ಕಾಚಾರದಿಂದ ಆಯಿತು. ಕೊನೆಯ ಪಾಲು ಮಾತ್ರ ಮಿದುಳಿನ ಬಗ್ಗೆ ತಿಳಿದುಬಂದ ಸಂಗತಿಗಳಿಂದ.

ಬಾಕ್ಸಿಂಗ್ ಡೇ ಟೆಸ್ಟ್ ನೋಡಿದ ಕನ್ನಡಿಗರಿಗೆಲ್ಲ ಎಂಸಿಜಿ ಗೊತ್ತು. ಅದೇ ಹುಲ್ಲಿನ ಮೇಲೆ ಅಲ್ಲಿನ ಚಳಿಗಾಲದಲ್ಲಿ ಈ ಆಟ ನಡೆಯುತ್ತದೆ. ಮೈದಾನ ಮೊಟ್ಟೆಯಾಕಾರ, ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್ ಇರಬಹುದು. ತಂಡಕ್ಕೆ 18 ಜನ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಗಿಡ್ಡ ಕಂಬಗಳ ಕಡೆ ಹೋದರೆ 1. ಒದ್ದ ಚೆಂಡು ನೆಲ ಮುಟ್ಟುವ ಮೊದಲೇ ಹಿಡಿದರೆ ಅದು ಮಾರ್ಕ್. ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು. ಈ ಬರಹಕ್ಕೆ ಮುಖ್ಯವಾದ ಸಂಗತಿ ಇನ್ನೊಂದಿದೆ: ಇಲ್ಲಿ ಆಫ್‌ಸೈಡ್ ಇಲ್ಲ. ರಗ್ಬಿಯಲ್ಲಿ ಎದುರಾಳಿ ಹೆಚ್ಚಾಗಿ ಮುಂದಿನಿಂದ ಬರುತ್ತಾನೆ. ಇಲ್ಲಿ ಎಂಟು ದಿಕ್ಕಿನಿಂದಲೂ ಬರಬಹುದು. ಹಾಗಾಗಿ ಕಾಣದ ಕಡೆಯಿಂದ ಬೀಳುವ ಪೆಟ್ಟಿನ ಭಯ ಈ ಆಟದ ಹುಟ್ಟಿನಲ್ಲೇ ಇದೆ.

1859ರ ಮೇ ತಿಂಗಳಲ್ಲಿ ಮೆಲ್ಬರ್ನ್ ಕ್ಲಬ್ಬಿನವರು ಬರೆದ ಹತ್ತು ನಿಯಮಗಳಲ್ಲೇ ಈ ಎಳೆದಾಟ ಕಾಣುತ್ತದೆ. ಓಡುತ್ತಿರುವವನನ್ನು ತಳ್ಳಬಹುದು, ಕಾಲು ಅಡ್ಡ ಕೊಟ್ಟು ಬೀಳಿಸಲೂಬಹುದು. ಆದರೆ ಮೊಣಕಾಲ ಕೆಳಗೆ ಬೇಕೆಂದೇ ಒದೆಯುವಂತಿಲ್ಲ. ಎಷ್ಟು ಪೆಟ್ಟು ಆಟ, ಎಷ್ಟು ಪೆಟ್ಟು ಅಪರಾಧ ಎಂಬ ಗೆರೆಯನ್ನು ಅಂದಿನಿಂದ ಇಂದಿನವರೆಗೆ ಅಳಿಸಿ ಅಳಿಸಿ ಬರೆಯುತ್ತಲೇ ಇದ್ದಾರೆ.

ಹಳೆಯ ಕಾಲದ ಅಂಜಿಸುವಿಕೆಗೆ ಒಂದು ತರ್ಕ ಇತ್ತು. ಅದನ್ನು ಬರೀ ಕ್ರೌರ್ಯ ಎಂದು ತಳ್ಳಿಹಾಕಿದರೆ ಅದು ನಿಂತದ್ದೇಕೆ ಎಂಬುದೂ ತಿಳಿಯುವುದಿಲ್ಲ. ಮೊದಲನೆಯದು, ಬದಲಿ ಆಟಗಾರರ ಲೆಕ್ಕ. 1930ರಲ್ಲಿ 19ನೆಯವನು, 1946ರಲ್ಲಿ 20ನೆಯವನು ಬಂದರು. ಆದರೆ ಒಮ್ಮೆ ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿರಲಿಲ್ಲ. ಪಂದ್ಯದ ನಾಲ್ಕು ಕಾಲು ಭಾಗಗಳಲ್ಲಿ ಮೊದಲನೆಯದರಲ್ಲೇ ಎದುರಾಳಿಯ ಒಬ್ಬ ಮುಖ್ಯ ಆಟಗಾರನನ್ನು ಅಲುಗಾಡಿಸಿಬಿಟ್ಟರೆ, ಆ ತಂಡದ ಮುಂದೆ ಎರಡೇ ದಾರಿ: ಅವನನ್ನು ಪೂರ್ತಿ ಕಳೆದುಕೊಳ್ಳುವುದು, ಇಲ್ಲವೇ ತಲೆ ತಿರುಗುತ್ತಿರುವವನನ್ನು ಗೋಲಿನ ಪಕ್ಕದ ಮೂಲೆಯಲ್ಲಿ ನಿಲ್ಲಿಸಿ ಒಬ್ಬ ಕಡಿಮೆ ಇದ್ದಂತೆಯೇ ಆಡುವುದು. 1973ರ ಗ್ರ್ಯಾಂಡ್ ಫೈನಲ್‌ನಲ್ಲಿ (ಋತುವಿನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯ) ಆದದ್ದು ಇದೇ. ಕಾರ್ಲ್ಟನ್ ತಂಡದ ನಾಯಕ ಜಾನ್ ನಿಕೋಲ್ಸ್ ಚೆಂಡಿನ ಮೇಲೆ ಕಣ್ಣಿಟ್ಟಿದ್ದಾಗ ರಿಚ್ಮಂಡ್‌ನ ಲಾರಿ ಫೌಲರ್ ಎದುರಿನಿಂದ ಬಂದು ಅಪ್ಪಳಿಸಿದರು. ಅದೇ ಪಂದ್ಯದಲ್ಲಿ ಕಾರ್ಲ್ಟನ್‌ನ ಫುಲ್‌ಬ್ಯಾಕ್ (ಗೋಲಿನ ಮುಂದೆ ನಿಲ್ಲುವ ಕೊನೆಯ ರಕ್ಷಕ) ಜೆಫ್ ಸೌತ್‌ಬಿ ಅವರನ್ನು ನೀಲ್ ಬಾಲ್ಮ್ ಹೊಡೆದು ಕೆಡವಿದರು. ಆಟದ ಬೆನ್ನೆಲುಬಿನ ಎರಡು ಮೂಳೆ ಮುರಿದಂತಾಯಿತು. ರಿಚ್ಮಂಡ್ 116–86ರಿಂದ ಗೆದ್ದಿತು. ಭಯ ಫಲ ಕೊಟ್ಟ ಪಂದ್ಯ ಅದು. ಕೊಡಲಿಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ.

ಎರಡನೆಯದು, ನೋಡುವ ಕಣ್ಣುಗಳ ಲೆಕ್ಕ. 1976ರವರೆಗೆ ಇಷ್ಟು ದೊಡ್ಡ ಬಯಲಿಗೆ ಒಬ್ಬನೇ ಫೀಲ್ಡ್ ಅಂಪೈರ್. ಅವನ ಕಣ್ಣು ಚೆಂಡಿನ ಹಿಂದೆ. ಉಳಿದ ಮೂವತ್ತು ಜನ ಅವನ ಬೆನ್ನ ಹಿಂದೆ. ‘ಬಿಹೈಂಡ್ ಪ್ಲೇ’ ಎಂಬ ಮಾತು ಹುಟ್ಟಿದ್ದು ಅಲ್ಲಿ: ಚೆಂಡು 80 ಮೀಟರ್ ಆಚೆ ಇರುವಾಗ ಬೀಳುವ ಪೆಟ್ಟು. 1965ರ ಪ್ರಿಲಿಮಿನರಿ ಫೈನಲ್‌ನಲ್ಲಿ (ಗ್ರ್ಯಾಂಡ್ ಫೈನಲ್‌ಗೆ ಮುಂಚಿನ ಹಂತ) ಎಸೆಂಡನ್‌ನ ಜಾನ್ ಸೊಮರ್ವಿಲ್ ಹೀಗೆ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಯಾವ ಅಂಪೈರೂ ನೋಡಿರಲಿಲ್ಲ, ಯಾರ ಮೇಲೂ ದೂರು ದಾಖಲಾಗಲಿಲ್ಲ. 1972ರಲ್ಲಿ ಕಾಲಿಂಗ್‌ವುಡ್‌ನ ಜಾನ್ ಗ್ರೀನಿಂಗ್ ಮೂರಾಬಿನ್ ಮೈದಾನದಲ್ಲಿ ಚೆಂಡಿನಿಂದ ದೂರ ಪೆಟ್ಟು ತಿಂದು ಕೋಮಾಕ್ಕೆ ಹೋದರು. ಮತ್ತೆ ಮೈದಾನಕ್ಕೆ ಬಂದರಾದರೂ ಆ ಹಳೆಯ ಗ್ರೀನಿಂಗ್ ಮರಳಲಿಲ್ಲ. ಹೊಡೆದ ಸೇಂಟ್ ಕಿಲ್ಡಾದ ಜಿಮ್ ಓಡೇ ಅವರಿಗೆ ಸಿಕ್ಕ ಶಿಕ್ಷೆ 10 ಪಂದ್ಯ. ಒಂದು ಪ್ರತಿಭೆಯ ಬೆಲೆಯನ್ನು ಹತ್ತು ಶನಿವಾರಗಳಲ್ಲಿ ಅಳೆದರು ಎಂಬ ನೋವು ಆ ಕಾಲದ ಕಥೆ ಓದುವಾಗಲೆಲ್ಲ ನನ್ನನ್ನು ಕಾಡುತ್ತದೆ.

ಇದಕ್ಕೆ ಜೊತೆಯಾಗಿ ಒಂದು ಮೌನದ ಕಟ್ಟಳೆ. ಮೈದಾನದಲ್ಲಿ ಆದದ್ದು ಮೈದಾನದಲ್ಲೇ ಮುಗಿಯಬೇಕು. ಪೆಟ್ಟು ತಿಂದವನೇ ಟ್ರಿಬ್ಯೂನಲ್ (ಲೀಗಿನ ವಿಚಾರಣಾ ಮಂಡಳಿ) ಮುಂದೆ ನಿಂತು ‘ಏನಾಯಿತೋ ನೆನಪಿಲ್ಲ, ಇವನು ಹೊಡೆದಿರಲಿಕ್ಕಿಲ್ಲ’ ಎನ್ನುತ್ತಿದ್ದ. ಆದ್ದರಿಂದ ಹೊಡೆದವನು ತಪ್ಪಿಸಿಕೊಂಡು, ತಿರುಗಿ ಹೊಡೆದವನು ಸಿಕ್ಕಿಬೀಳುವುದು ಸಾಮಾನ್ಯವಾಗಿತ್ತು. ಅದಕ್ಕೆ ಜಾನ್ ಕೋಲ್ಮನ್ ಅವರಿಗಿಂತ ದೊಡ್ಡ ಉದಾಹರಣೆ ಇಲ್ಲ. 98 ಪಂದ್ಯಗಳಲ್ಲಿ 537 ಗೋಲು ಹೊಡೆದ ಎಸೆಂಡನ್‌ನ ಈ ಫುಲ್‌ಫಾರ್ವರ್ಡ್‌ನನ್ನು ನ್ಯಾಯವಾಗಿ ತಡೆಯುವುದು ಯಾರಿಗೂ ಆಗುತ್ತಿರಲಿಲ್ಲ. 1951ರ ಲೀಗ್ ಹಂತದ ಕೊನೆಯ ಪಂದ್ಯದಲ್ಲಿ ಕಾರ್ಲ್ಟನ್‌ನ ಹ್ಯಾರಿ ಕ್ಯಾಸ್ಪರ್ ಕೆಣಕಿ ಹೊಡೆದಾಗ ಕೋಲ್ಮನ್ ತಿರುಗಿ ಹೊಡೆದರು. ಇಬ್ಬರಿಗೂ 4 ವಾರ ನಿಷೇಧ. ಕ್ಯಾಸ್ಪರ್ ಇಲ್ಲದಿರುವುದು ದೊಡ್ಡ ಸುದ್ದಿಯಾಗಲಿಲ್ಲ. ಕೋಲ್ಮನ್ ಇಲ್ಲದ ಎಸೆಂಡನ್ ಗ್ರ್ಯಾಂಡ್ ಫೈನಲ್ ತಲುಪಿ ಜೀಲಾಂಗ್‌ಗೆ 11 ಅಂಕಗಳಿಂದ ಸೋತಿತು. ಎದುರಾಳಿಯ ಮೂಗಿಗೆ ಗುದ್ದುವುದಕ್ಕಿಂತ ಅವನ ಸಿಟ್ಟಿಗೆ ಗುದ್ದುವುದು ಲಾಭ ಎಂದು ಹಲವು ತಲೆಮಾರಿನ ಡಿಫೆಂಡರ್‌ಗಳು ಕಲಿತದ್ದು ಇಂಥ ಪಾಠಗಳಿಂದ.

1945ರ ಗ್ರ್ಯಾಂಡ್ ಫೈನಲ್ ಅನ್ನು ‘ರಕ್ತಸ್ನಾನ’ ಎಂದೇ ಕರೆಯುತ್ತಾರೆ. ಕಾರ್ಲ್ಟನ್ ಮತ್ತು ಸೌತ್ ಮೆಲ್ಬರ್ನ್ ನಡುವೆ ಪ್ರಿನ್ಸಸ್ ಪಾರ್ಕ್‌ನಲ್ಲಿ, 62,986 ಜನರ ಮುಂದೆ ನಡೆದ ಆ ಪಂದ್ಯದ ನಂತರ ಸೌತ್ ಮೆಲ್ಬರ್ನ್‌ನ ಟೆಡ್ ವಿಟ್‌ಫೀಲ್ಡ್ ಒಬ್ಬರಿಗೇ 21 ಪಂದ್ಯಗಳ ನಿಷೇಧ ಬಿತ್ತು. ಅದನ್ನು ಅನೇಕರು ಅಭಿಮಾನದಿಂದ ವರ್ಣಿಸುತ್ತಾರೆ. ಆದರೆ ಆ ದಿನ ಮಂಜಿನಂತೆ ಕವಿದ ಹೊಡೆದಾಟದಿಂದ ಆಟಕ್ಕೆ ಸಿಕ್ಕಿದ್ದು ಏನೂ ಇಲ್ಲ.

ಅಂಜಿಸುವ ಕೆಲಸಕ್ಕೆ ದೊಡ್ಡ ಮೈ ಬೇಕು ಎಂಬುದೂ ತಪ್ಪು ತಿಳಿವಳಿಕೆ. ಹಾಥಾರ್ನ್‌ನ ಲೀ ಮ್ಯಾಥ್ಯೂಸ್ 178 ಸೆಂಟಿಮೀಟರ್ ಎತ್ತರದವರು. 332 ಪಂದ್ಯ, 915 ಗೋಲು. ಒಮ್ಮೆ ವಿಂಡಿ ಹಿಲ್ ಮೈದಾನದಲ್ಲಿ ಓಡುತ್ತಾ ಹೋಗಿ ಗುದ್ದಿದಾಗ ಮುರಿದದ್ದು ಬಿಹೈಂಡ್ ಕಂಬ, ಅಂದರೆ ಪಕ್ಕದ ಗಿಡ್ಡ ಕಂಬ. 1985ರಲ್ಲಿ ಅವರು ಜೀಲಾಂಗ್‌ನ ನೆವಿಲ್ ಬ್ರನ್ಸ್ ಅವರ ದವಡೆ ಮುರಿದದ್ದು ಈ ಚರಿತ್ರೆಯ ದೊಡ್ಡ ತಿರುವು. ಆಗಲೂ ಅಂಪೈರ್‌ಗಳು ನೋಡಿರಲಿಲ್ಲ. ಆದರೆ ಈ ಸಲ ಹಳೆಯ ಮೌನ ಉಳಿಯಲಿಲ್ಲ. ಲೀಗ್ ತಾನೇ ವಿಚಾರಣೆ ನಡೆಸಿ ಅವರ ನೋಂದಣಿಯನ್ನು 4 ವಾರ ರದ್ದು ಮಾಡಿತು. ಪೊಲೀಸರು ಹಲ್ಲೆಯ ಮೊಕದ್ದಮೆ ಹೂಡಿದರು. ನ್ಯಾಯಾಲಯ ದಂಡ ಹಾಕಿತು. ಮೇಲ್ಮನವಿಯಲ್ಲಿ ಅಪರಾಧ ನಿರ್ಣಯ ರದ್ದಾಯಿತು. ಕಾನೂನಿನ ಫಲಿತಾಂಶಕ್ಕಿಂತ ಮುಖ್ಯವಾದದ್ದು ಒಂದೇ: ಸುಣ್ಣದ ಗೆರೆಯ ಒಳಗೂ ದೇಶದ ಕಾನೂನು ನಡೆಯುತ್ತದೆ ಎಂದು ಪ್ರತಿಯೊಬ್ಬ ಆಟಗಾರನಿಗೂ ಗೊತ್ತಾಯಿತು.

ಆಮೇಲೆ ಲೆಕ್ಕಗಳು ಒಂದೊಂದಾಗಿ ತಿರುಗಿಬಿದ್ದವು. 1978ರಲ್ಲಿ ಇಂಟರ್‌ಚೇಂಜ್ ಬಂದಿತ್ತು. ಹೊರಗೆ ಹೋದವನು ಸುಧಾರಿಸಿಕೊಂಡು ಮತ್ತೆ ಬರಬಹುದು. ಬೆಂಚಿನ ಮೇಲೆ ಮೊದಲು 2, 1994ರಲ್ಲಿ 3, 1998ರಲ್ಲಿ 4 ಜನ. ಒಬ್ಬನನ್ನು ಕೆಡವಿದರೆ ಅರ್ಧ ನಿಮಿಷದಲ್ಲಿ ದಣಿವಿಲ್ಲದ ಇನ್ನೊಬ್ಬ ಓಡಿ ಬರುತ್ತಾನೆ. ಕೆಡವಿದ್ದರ ಲಾಭ ಇಳಿಯಿತು. ಇತ್ತ ನಷ್ಟ ಏರಿತು. ಚೆಂಡು ಕೊಟ್ಟಾದ ಮೇಲೆ ತಡವಾಗಿ ಗುದ್ದಿದರೆ ಚೆಂಡು ಬಿದ್ದ ಜಾಗದಲ್ಲಿ ಫ್ರೀ ಕಿಕ್. ಮಾರ್ಕ್ ಹಿಡಿದವನ ಮೇಲೆ ಬಿದ್ದರೆ ಮೊದಲಿದ್ದ 15 ಮೀಟರ್ ದಂಡದ ಬದಲು 1988ರಿಂದ 50 ಮೀಟರ್. 50 ಮೀಟರ್ ಎಂದರೆ ಮೈದಾನದ ಸರಿಸುಮಾರು ಮೂರನೇ ಒಂದು ಭಾಗ. ನಡು ಮೈದಾನದಲ್ಲಿ ತೋರಿಸಿದ ಒಂದು ಸಿಟ್ಟು ನೇರವಾಗಿ 6 ಅಂಕವಾಗಿ ಎದುರಾಳಿಯ ಖಾತೆಗೆ ಹೋಗುತ್ತದೆ. ಅಂಪೈರ್‌ಗಳು 1976ರಲ್ಲಿ ಇಬ್ಬರು, 1994ರಲ್ಲಿ ಮೂವರು, 2023ರಲ್ಲಿ ನಾಲ್ವರಾದರು. ಕ್ಯಾಮೆರಾಗಳ ಲೆಕ್ಕ ಹೇಳಬೇಕಿಲ್ಲ. ಬೆನ್ನ ಹಿಂದೆ ಎಂಬ ಜಾಗವೇ ಮೈದಾನದಲ್ಲಿ ಇಲ್ಲವಾಯಿತು. 2008ರಲ್ಲಿ ಸಿಡ್ನಿಯ ಬ್ಯಾರಿ ಹಾಲ್ ವೆಸ್ಟ್ ಕೋಸ್ಟ್‌ನ ಬ್ರೆಂಟ್ ಸ್ಟೇಕರ್ ಅವರ ದವಡೆಗೆ ಬಿಟ್ಟ ಗುದ್ದನ್ನು ದೇಶವೆಲ್ಲ ನೋಡಿತು. 7 ಪಂದ್ಯ ಹೋದವು.

1989ರ ಗ್ರ್ಯಾಂಡ್ ಫೈನಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎರಡೂ ಕಾಲಗಳು ಒಂದೇ ಮಧ್ಯಾಹ್ನ ಒಟ್ಟಿಗೆ ಕಾಣುವ ಪಂದ್ಯ ಅದು. ಆಟ ಶುರುಮಾಡಲು ಅಂಪೈರ್ ಚೆಂಡನ್ನು ನೆಲಕ್ಕೆ ಪುಟಿಸಿದ ಕೂಡಲೇ ಜೀಲಾಂಗ್‌ನ ಮಾರ್ಕ್ ಯೇಟ್ಸ್ ಚೆಂಡಿನ ಕಡೆ ನೋಡದೆ ನೇರವಾಗಿ ಓಡಿ ಹಾಥಾರ್ನ್‌ನ ಡರ್ಮಟ್ ಬ್ರೆರಟನ್ ಅವರನ್ನು ಅಪ್ಪಳಿಸಿದರು. ಹಳೆಯ ಬಾಕಿ ತೀರಿಸುವ ಹೊಡೆತ. ಬ್ರೆರಟನ್ ಪಕ್ಕೆಲುಬು ಮುರಿಯಿತು, ಮೈದಾನದಲ್ಲೇ ವಾಂತಿ ಮಾಡಿಕೊಂಡರು. ಹೊರಗೆ ಹೋಗಲು ಒಪ್ಪದೆ, ಕೆಲವೇ ನಿಮಿಷಗಳಲ್ಲಿ ಮಾರ್ಕ್ ಹಿಡಿದು ಗೋಲು ಹೊಡೆದರು. ಈ ಕಥೆಯನ್ನು ಧೈರ್ಯದ ಕಥೆಯಾಗಿ ಸಾವಿರ ಸಲ ಹೇಳಿದ್ದಾರೆ. ಧೈರ್ಯ ಅಲ್ಲ ಎಂದು ನಾನೂ ಅನ್ನುವುದಿಲ್ಲ. ಆದರೆ ಸ್ಕೋರ್‌ಬೋರ್ಡ್ ಬೇರೆ ಕಥೆ ಹೇಳುತ್ತದೆ. ಜೀಲಾಂಗ್ ಆಟಗಾರರು ಮನುಷ್ಯರ ಹಿಂದೆ ಬಿದ್ದಿದ್ದಾಗ ಹಾಥಾರ್ನ್ ಚೆಂಡಿನ ಹಿಂದೆ ಇತ್ತು. ಮೊದಲ ಕಾಲು ಭಾಗ ಮುಗಿದಾಗ ಅಂತರ 40 ಅಂಕ. ಆಮೇಲೆ ಜೀಲಾಂಗ್ ಆಟಕ್ಕೆ ಇಳಿಯಿತು. ಗ್ಯಾರಿ ಆಬ್ಲೆಟ್ 9 ಗೋಲು ಹೊಡೆದರು. ಕೊನೆಗೆ 144–138. ಸೋತದ್ದು 6 ಅಂಕಕ್ಕೆ, ಒಂದೇ ಒಂದು ಗೋಲಿಗೆ. ಹೊಡೆದಾಟಕ್ಕೆ ಕೊಟ್ಟ ಆ ಮೊದಲ ಇಪ್ಪತ್ತು ಚಿಲ್ಲರೆ ನಿಮಿಷಗಳನ್ನು ಆಟಕ್ಕೆ ಕೊಟ್ಟಿದ್ದರೆ ಎಂಬ ಪ್ರಶ್ನೆ ಜೀಲಾಂಗ್‌ನವರನ್ನು ಬಿಟ್ಟಿರಲಾರದು. ಅದೇ ಪಂದ್ಯದಲ್ಲಿ ಹಾಥಾರ್ನ್‌ನ ಜಾನ್ ಪ್ಲಾಟನ್ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋದರು. ರಾಬರ್ಟ್ ಡಿಪಿಯರ್‌ಡೊಮೆನಿಕೊ ಶ್ವಾಸಕೋಶ ತೂತಾದರೂ ಕೊನೆಯವರೆಗೆ ಆಡಿದರು. ಇವತ್ತಾಗಿದ್ದರೆ ವೈದ್ಯರು ಅವರನ್ನು ಗೆರೆ ದಾಟಲು ಬಿಡುತ್ತಿರಲಿಲ್ಲ.

2004ರಲ್ಲಿ ಹಾಥಾರ್ನ್ ತಾನೇ ಈ ಪಾಠ ಮರೆಯಿತು. ಎಸೆಂಡನ್ ವಿರುದ್ಧ ‘ಇನ್ನು ಮುಂದೆ ಬಗ್ಗುವುದಿಲ್ಲ’ ಎಂದು ಮೈಮೇಲೆ ಬಿದ್ದು ದೊಡ್ಡ ಗಲಾಟೆ ನಡೆಯಿತು. ದಂಡ, ನಿಷೇಧ ಸುರಿದವು. ಪಂದ್ಯವನ್ನು ದೊಡ್ಡ ಅಂತರದಲ್ಲಿ ಸೋತದ್ದೂ ಅವರೇ.

ಮೈಗೆ ಬೀಳುವ ಪೆಟ್ಟಿನ ಜೊತೆಗೇ ಬೈಗುಳವೂ ಆಯುಧವಾಗಿತ್ತು ಎಂಬುದನ್ನು ಇಲ್ಲಿ ಬಿಡುವಂತಿಲ್ಲ. ಮೂಲನಿವಾಸಿ ಆಟಗಾರರನ್ನು ಜನಾಂಗದ ಹೆಸರು ಹಿಡಿದು ನಿಂದಿಸುವುದು ಅವರ ಆಟ ಕೆಡಿಸುವ ತಂತ್ರ ಎಂದೇ ಸಮರ್ಥಿಸಿಕೊಳ್ಳುವವರಿದ್ದರು. 1993ರ ಏಪ್ರಿಲ್‌ನಲ್ಲಿ ವಿಕ್ಟೋರಿಯಾ ಪಾರ್ಕ್‌ನಲ್ಲಿ ನಿಕಿ ವಿನ್ಮಾರ್ ಅಂಗಿ ಎತ್ತಿ ತನ್ನ ಮೈಬಣ್ಣದ ಕಡೆ ಬೆರಳು ತೋರಿಸಿ ನಿಂತರು. 1995ರಲ್ಲಿ ಮೈಕೆಲ್ ಲಾಂಗ್ ದೂರು ಕೊಟ್ಟು ಹಿಂದೆ ಸರಿಯಲಿಲ್ಲ. ಅದೇ ವರ್ಷ ಜನಾಂಗ ನಿಂದನೆಯ ವಿರುದ್ಧ ನಿಯಮ ಬಂತು. ಮೈದಾನದ ಮಾತು ಮೈದಾನದಲ್ಲೇ ಎಂಬ ಮೌನದ ಕಟ್ಟಳೆಗೆ ಬಿದ್ದ ದೊಡ್ಡ ಪೆಟ್ಟುಗಳಲ್ಲಿ ಇದೂ ಒಂದು.

ಇನ್ನು ಬಂಪ್ ವಿಷಯ. ಭುಜ ಮತ್ತು ಸೊಂಟದ ಪಕ್ಕದಿಂದ ಗುದ್ದಿ ಎದುರಾಳಿಯನ್ನು ಚೆಂಡಿನಿಂದ ಸರಿಸುವುದು ಬಂಪ್. ಎದುರಿನಿಂದ ಜೋರಾಗಿ ಅಪ್ಪಳಿಸಿದರೆ ಶರ್ಟ್‌ಫ್ರಂಟ್. ಚೆಂಡು 5 ಮೀಟರ್ ಒಳಗಿದ್ದರೆ ಬಂಪ್ ಇವತ್ತಿಗೂ ನ್ಯಾಯವೇ. ಸರಿಯಾಗಿ ಮಾಡುವ ಬಗೆ ಹೀಗೆ: ಕೊನೆಯ ಎರಡು ಮೂರು ಹೆಜ್ಜೆ ಚಿಕ್ಕದಾಗಬೇಕು, ಮೊಣಕಾಲು ಬಾಗಬೇಕು, ತೋಳು ಪಕ್ಕೆಗೆ ಅಂಟಿರಬೇಕು, ಎರಡು ಪಾದವೂ ನೆಲದ ಮೇಲಿರಬೇಕು, ತಾಗುವುದು ಎದುರಾಳಿಯ ಭುಜದಿಂದ ಸೊಂಟದ ನಡುವೆ. ತಪ್ಪುವುದು ಎಲ್ಲಿ? ಎದುರಾಳಿ ನೆಲದ ಚೆಂಡಿಗೆ ಬಗ್ಗುತ್ತಾನೆ. ಒಂದು ಕ್ಷಣದ ಹಿಂದೆ ಅವನ ಭುಜ ಇದ್ದ ಜಾಗದಲ್ಲಿ ಈಗ ಅವನ ತಲೆ ಇದೆ. ಗುದ್ದುವವನ ಪಾದ ನೆಲ ಬಿಟ್ಟರೆ ಭುಜ ಇನ್ನೂ ಮೇಲೇರಿ ಗದ್ದಕ್ಕೆ ತಾಗುತ್ತದೆ. ಇಬ್ಬರೂ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಎದುರುಬದುರು ಓಡುತ್ತಿದ್ದರೆ ಕೂಡಿದ ವೇಗ 12 ಮೀಟರ್. ಅಷ್ಟು ವೇಗದಲ್ಲಿ ಕೊನೆಯ ಗಳಿಗೆಯ ತಿದ್ದುಪಡಿ ಯಾರಿಂದಲೂ ಆಗದು. 2006ರಲ್ಲಿ ಡೇನಿಯಲ್ ಜಾನ್‌ಸಿರಾಕುಸಾ ಕೊಟ್ಟ ಬಂಪ್‌ನಿಂದ ಸೇಂಟ್ ಕಿಲ್ಡಾದ ಜಸ್ಟಿನ್ ಕೊಸಿಟ್ಸ್ಕಿ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಅಂದಿನ ನಿಯಮದಲ್ಲಿ ಅದು ತಪ್ಪೇ ಅಲ್ಲ. ಆಮೇಲಿನ ವರ್ಷಗಳಲ್ಲಿ ನಿಯಮದ ಹೊರೆ ಪೂರ್ತಿ ಮಗ್ಗುಲು ಬದಲಿಸಿತು: ಬಂಪ್ ಆಯ್ಕೆ ಮಾಡಿಕೊಂಡವನೇ ತಲೆಗೆ ತಾಗಿದ್ದರ ಹೊಣೆ ಹೊರಬೇಕು. ‘ನಾನು ಭುಜಕ್ಕೇ ಗುರಿಯಿಟ್ಟಿದ್ದೆ’ ಎಂಬ ಮಾತು ಈಗ ನಡೆಯುವುದಿಲ್ಲ. 2024ರ ಋತು ಶುರುವಾಗುವ ಮೊದಲಿನ ಪಂದ್ಯವೊಂದರಲ್ಲೇ ಸೇಂಟ್ ಕಿಲ್ಡಾದ ಜಿಮ್ಮಿ ವೆಬ್‌ಸ್ಟರ್ ಅವರಿಗೆ ಇಂಥ ಬಂಪ್‌ಗಾಗಿ 7 ಪಂದ್ಯ ನಿಷೇಧವಾಯಿತು.

ಹೊಣೆ ಹೀಗೆ ಬದಲಾಗಲು ಕಾರಣ ಮಿದುಳು. ಜೀಲಾಂಗ್‌ನ ಮಹಾನ್ ಆಟಗಾರ ಗ್ರಹಾಂ ‘ಪಾಲಿ’ ಫಾರ್ಮರ್ 2019ರಲ್ಲಿ ತೀರಿಕೊಂಡ ಮೇಲೆ ಅವರ ಮಿದುಳಿನಲ್ಲಿ ಸಿಟಿಇ ಪತ್ತೆಯಾಯಿತು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನೊಂದಿಗೆ ತಳುಕು ಹಾಕಿಕೊಂಡ, ನಿಧಾನವಾಗಿ ಮಿದುಳನ್ನು ತಿನ್ನುವ ಕಾಯಿಲೆ ಅದು. ಸತ್ತ ಮೇಲಷ್ಟೇ ಖಚಿತವಾಗಿ ಗೊತ್ತಾಗುತ್ತದೆ. ಆಮೇಲೆ ಡ್ಯಾನಿ ಫ್ರಾಲಿ, ಶೇನ್ ಟಕ್. 2023ರಲ್ಲಿ, ಮಹಿಳಾ ಲೀಗಿನಲ್ಲಿ ಆಡಿದ್ದ ಹೆದರ್ ಆ್ಯಂಡರ್ಸನ್ ಅವರಲ್ಲೂ ಕಂಡಿತು. ತೀರಿಕೊಂಡಾಗ ಅವರಿಗೆ 28 ವರ್ಷ. ಅದೇ ವರ್ಷ ಮಾಜಿ ಆಟಗಾರರು ವಿಕ್ಟೋರಿಯಾದ ಸುಪ್ರೀಂ ಕೋರ್ಟಿನಲ್ಲಿ ಲೀಗ್ ವಿರುದ್ಧ ಸಾಮೂಹಿಕ ದಾವೆ ಹೂಡಿದರು. ಮೆತ್ತನೆಯ ಹೆಲ್ಮೆಟ್ ಹಾಕಿಕೊಂಡರೆ ಸಾಕಲ್ಲ ಎಂದು ಕೇಳುವವರಿಗೆ: ಅದು ಚರ್ಮ ಸೀಳುವುದನ್ನು ತಡೆಯುತ್ತದೆ. ತಲೆ ಥಟ್ಟನೆ ನಿಂತಾಗ ಬುರುಡೆಯ ಒಳಗೆ ಮಿದುಳು ಅಲುಗಾಡುವುದನ್ನು ತಡೆಯುವುದಿಲ್ಲ. ಈಗ ಕನ್‌ಕಷನ್ (ತಲೆಗೆ ಪೆಟ್ಟು ಬಿದ್ದು ಮಿದುಳು ಅದುರುವುದು) ಆದ ಎಎಫ್‌ಎಲ್ (ಈ ಆಟದ ಅತ್ಯುನ್ನತ ಲೀಗ್) ಆಟಗಾರ ಕನಿಷ್ಠ 12 ದಿನ ಆಡುವಂತಿಲ್ಲ. ಊರು ಕೇರಿಯ ಲೀಗುಗಳಲ್ಲಿ 21 ದಿನ. ಕೇರಿಯ ಲೀಗಿಗೆ ಹೆಚ್ಚು ದಿನ ಇಟ್ಟದ್ದು ಸರಿಯಾದ ಕೆಲಸ. ಪ್ರತಿ ದಿನ ನೋಡುವ ತಜ್ಞ ವೈದ್ಯರು ಅಲ್ಲಿ ಇರುವುದಿಲ್ಲ.

ಹಾಗಾದರೆ ಇವತ್ತಿನ ಆಟಗಾರನಿಗೆ ಯಾವುದರ ಭಯ? ಸಮಯದ ಭಯ. ಹತ್ತು ಮೀಟರ್ ದೂರದಲ್ಲಿರುವ ಎದುರಾಳಿ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಬಂದರೆ ಕೈಯಲ್ಲಿರುವುದು ಒಂದೂವರೆ ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಚೆಂಡು ಎತ್ತಬೇಕು, ತಲೆ ಎತ್ತಿ ಜೊತೆಗಾರನನ್ನು ಹುಡುಕಬೇಕು, ಚೆಂಡನ್ನು ಕೈಯಿಂದ ಕಾಲಿನ ಮೇಲೆ ನೆಟ್ಟಗೆ ಬಿಡಬೇಕು. ಕೆಡುವುದು ಈ ಬಿಡುವ ಕೆಲಸದಲ್ಲೇ. ಅವಸರದಲ್ಲಿ ಕೈ ಚೆಂಡನ್ನು ಎತ್ತರದಿಂದ ಬಿಡುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಮೊಟ್ಟೆಯಾಕಾರದ ಚೆಂಡು ಗಾಳಿಯಲ್ಲಿ ಒಂದಿಷ್ಟು ತಿರುಗಿ ಪಾದದ ಅಂಚಿಗೆ ತಾಗುತ್ತದೆ. ಯಾರೂ ಮುಟ್ಟಿಲ್ಲ, ಒದೆ ಮಾತ್ರ ಕೆಟ್ಟಿದೆ. ಇದನ್ನು ‘ಪ್ರೆಶರ್’ ಎಂದು ಕರೆದು, ಮೈಮುಟ್ಟಿದ್ದು, ಹತ್ತಿರಕ್ಕೆ ನುಗ್ಗಿದ್ದು, ಬೆನ್ನಟ್ಟಿದ್ದು, ದಾರಿ ಕಟ್ಟಿ ಮೂಲೆಗೆ ಒತ್ತಿದ್ದು ಎಂದು ಬೇರೆ ಬೇರೆಯಾಗಿ ಎಣಿಸುತ್ತಾರೆ. ಕೋಚ್‌ಗಳು ಗೋಲಿನಷ್ಟೇ ಗಮನದಿಂದ ಈ ಸಂಖ್ಯೆ ನೋಡುತ್ತಾರೆ.

2017ರ ಗ್ರ್ಯಾಂಡ್ ಫೈನಲ್ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅಡಿಲೇಡ್ ತಂಡ ಆ ಫೈನಲ್ಸ್‌ನಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಕಾಲು ಅಗಲಿಸಿ, ಕೈ ಬಿಗಿಹಿಡಿದು, ಎದುರಾಳಿಗಳನ್ನು ದುರುಗುಟ್ಟಿ ನೋಡುತ್ತಾ ಸಾಲಾಗಿ ನಿಲ್ಲುತ್ತಿತ್ತು. ಹಳೆಯ ಅಂಜಿಸುವಿಕೆಯ ನೆರಳು ಅದು. ರಿಚ್ಮಂಡ್‌ನವರು ಅದಕ್ಕೆ ಉತ್ತರ ಕೊಡಲಿಲ್ಲ. ಅವರ ಫಾರ್ವರ್ಡ್ ಸಾಲಿನಲ್ಲಿ ಡೇನಿಯಲ್ ರಿಯೋಲಿ, ಡ್ಯಾನ್ ಬಟ್ಲರ್, ಜೇಸನ್ ಕಸ್ಟಾನ್ಯಾ ಇದ್ದರು. ಯಾರ ಮೈಕಟ್ಟೂ ಹೆದರಿಸುವಂಥದ್ದಲ್ಲ. ಆದರೆ ಅಡಿಲೇಡ್‌ನ ಡಿಫೆಂಡರ್ ಚೆಂಡು ಎತ್ತಿದ ಪ್ರತಿ ಸಲವೂ ಬೆನ್ನ ಹಿಂದೆ ಹೆಜ್ಜೆ ಸಪ್ಪಳ. 108–60. ಒಂದೇ ಒಂದು ಗುದ್ದಿಲ್ಲದೆ ಒಂದು ತಂಡದ ನೆಮ್ಮದಿಯನ್ನು ಹೀಗೆ ಕಿತ್ತುಕೊಳ್ಳಬಹುದು ಎಂಬುದು ನನಗೆ ಈ ಆಟದ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು. ಹೊಡೆಯುವವನಿಗೆ ಒಂದು ಕ್ಷಣದ ಆವೇಶ ಸಾಕು. ಬೆನ್ನಟ್ಟುವವನಿಗೆ ನಾಲ್ಕು ಕಾಲು ಭಾಗವೂ ಉಸಿರು ಬೇಕು, ಜೊತೆಗಾರರ ಮೇಲೆ ನಂಬಿಕೆ ಬೇಕು. ಒಬ್ಬ ನಿಂತರೂ ಬಲೆ ಹರಿಯುತ್ತದೆ.

ಹೊಸ ಭಯಕ್ಕೂ ಅಪಾಯ ಉಂಟು. ಅದರ ಹೆಸರು ಟ್ಯಾಕಲ್. ಭುಜದ ಕೆಳಗೆ, ಮೊಣಕಾಲ ಮೇಲೆ ಎಲ್ಲಿ ಬೇಕಾದರೂ ಹಿಡಿಯಬಹುದು. ಸರಿಯಾಗಿ ಚೆಂಡು ಬಿಡಲಾಗದಂತೆ ಹಿಡಿದರೆ ಹಿಡಿದವನಿಗೆ ಫ್ರೀ ಕಿಕ್. ಆದ್ದರಿಂದ ಅತಿ ಹೆಚ್ಚು ಫಲ ಕೊಡುವ ಟ್ಯಾಕಲ್ ಎಂದರೆ ಎರಡೂ ತೋಳುಗಳನ್ನು ಮೈಗೆ ಸೇರಿಸಿ ಬಿಗಿದುಹಿಡಿಯುವುದು. ಹ್ಯಾಂಡ್‌ಬಾಲ್ ಮಾಡಲು, ಅಂದರೆ ಚೆಂಡನ್ನು ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕೊಡಲು, ಕೈಯೇ ಇರುವುದಿಲ್ಲ. ಆದರೆ ತೋಳು ಕಟ್ಟಿಹೋದವನು ಬೀಳುವಾಗ ನೆಲಕ್ಕೆ ಊರಲು ಅವನಿಗೆ ಕೈ ಇಲ್ಲ. ಅವನ ತಲೆಯೇ ಮೊದಲು ನೆಲ ಮುಟ್ಟುತ್ತದೆ. ನಿಯಮ ಬಹುಮಾನ ಕೊಡುವುದೂ ಇದಕ್ಕೇ, ಶಿಕ್ಷೆ ಕೊಡುವುದೂ ಇದಕ್ಕೇ. 2017ರಲ್ಲಿ ಜೀಲಾಂಗ್‌ನ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ ಕಾರ್ಲ್ಟನ್‌ನ ಮ್ಯಾಥ್ಯೂ ಕ್ರೂಜರ್ ಅವರನ್ನು ಹೀಗೆ ಕೆಡವಿ 1 ಪಂದ್ಯ ಕಳೆದುಕೊಂಡರು. ಅದರೊಂದಿಗೆ, ನಿಷೇಧಕ್ಕೆ ಒಳಗಾದವರಿಗೆ ಸಿಗದ ಬ್ರೌನ್‌ಲೋ ಪದಕದ (ಋತುವಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಗೌರವ) ಅರ್ಹತೆಯನ್ನೂ.

ಈಗ ಕಲಿಸುವ ರೀತಿ ಬೇರೆ. ಪಕ್ಕದಿಂದ ಬಾ, ನಿನ್ನ ತಲೆ ಅವನ ಬೆನ್ನ ಕಡೆ ಇರಲಿ. ಒಂದು ತೋಳು ಹಿಡಿ, ಇನ್ನೊಂದನ್ನು ಬಿಡು. ಎರಡೂ ಸಿಕ್ಕಿಬಿದ್ದರೆ ಮುಂದಕ್ಕೆ ನೂಕಬೇಡ. ನಿಲ್ಲಿಸಿ ಹಿಡಿ, ಇಲ್ಲವೇ ಅವನನ್ನು ನಿನ್ನ ಮೈಮೇಲೆ ಎಳೆದುಕೊಂಡು ಪಕ್ಕಕ್ಕೆ ಹೊರಳು. ಹಿಡಿದಾದ ಮೇಲೆ ಬೀಸಿ ಎಸೆಯುವ ಎರಡನೆಯ ಕ್ರಿಯೆ ಬೇಡವೇ ಬೇಡ. ಕೇಳಲು ಸುಲಭ. 90 ಕಿಲೋ ತೂಕದವನು ತಿರುಚಿಕೊಳ್ಳುತ್ತಿರುವಾಗ, ದಣಿದ ಕಾಲುಗಳ ಮೇಲೆ, ನಾಲ್ಕನೇ ಕಾಲು ಭಾಗದಲ್ಲಿ ಇದನ್ನೆಲ್ಲ ನೆನಪಿಡಬೇಕಾದರೆ ಸಾವಿರ ಸಲ ಅಭ್ಯಾಸ ಆಗಿರಬೇಕು.

ಪೆಟ್ಟು ಕೊಡುವ ಉದ್ದೇಶವೇ ಇಲ್ಲದ ಕಡೆಗೂ ಹೊಣೆ ಹಬ್ಬಿದೆ. 2023ರ ಸೆಪ್ಟೆಂಬರ್ 7ರಂದು ಎಂಸಿಜಿಯಲ್ಲಿ ಕಾಲಿಂಗ್‌ವುಡ್‌ನ ಬ್ರೇಡನ್ ಮೇನಾರ್ಡ್ ಎದುರಾಳಿಯ ಒದೆಯನ್ನು ಕೈಯಿಂದ ತಡೆಯಲು ಗಾಳಿಗೆ ಹಾರಿದರು. ಇಳಿಯುವಾಗ ಮೈ ತಿರುಗಿ ಭುಜ ಮೆಲ್ಬರ್ನ್‌ನ ಆಂಗಸ್ ಬ್ರೇಶಾ ಅವರ ತಲೆಗೆ ತಾಗಿತು. ಟ್ರಿಬ್ಯೂನಲ್ ಮೇನಾರ್ಡ್ ಅವರನ್ನು ಬಿಟ್ಟಿತು. ಮೊದಲೂ ಹಲವು ಕನ್‌ಕಷನ್ ಆಗಿದ್ದ ಬ್ರೇಶಾ 2024ರ ಫೆಬ್ರುವರಿಯಲ್ಲಿ ವೈದ್ಯರ ಸಲಹೆಯಂತೆ ಆಟ ಬಿಟ್ಟರು. ನಿಯಮ ತಿದ್ದುಪಡಿಯಾಯಿತು: ತಡೆಯಲು ನೆಲಬಿಟ್ಟು ಹಾರಿದವನು ಹೇಗೆ ಇಳಿಯುತ್ತೇನೆ ಎಂಬುದನ್ನೂ ಯೋಚಿಸಿರಬೇಕು. ಹಾರುವ ಮೊದಲೇ ಇಳಿಯುವುದರ ಲೆಕ್ಕ ಹಾಕು ಎನ್ನುವುದು ಕಠಿಣ ಬೇಡಿಕೆ. ಆದರೆ ಒಬ್ಬನ ಹಾರಾಟದ ಬೆಲೆಯನ್ನು ಇನ್ನೊಬ್ಬನ ಮಿದುಳು ತೆರಬೇಕಾದಾಗ ಬೇಡಿಕೆ ಹಾರುವವನ ಮೇಲೆ ಬೀಳುವುದೇ ನ್ಯಾಯ ಎಂದು ನಾನು ನಂಬುತ್ತೇನೆ.

ಶಿಕ್ಷೆಯ ಪಟ್ಟಿಯಲ್ಲಿ ಮಾತ್ರ ನನಗೆ ಒಪ್ಪಿಗೆಯಾಗದ ಒಂದು ಕೊರತೆ ಇದೆ. ತಪ್ಪು ಬೇಕೆಂದೇ ಮಾಡಿದ್ದೋ ಅಜಾಗರೂಕತೆಯೋ, ತಗುಲಿದ್ದು ಮೈಗೋ ತಲೆಗೋ, ಪೆಟ್ಟಿನ ಪರಿಣಾಮ ಎಷ್ಟು ಎಂಬ ಮೂರು ಪ್ರಶ್ನೆ ಕೇಳಿ ಪಂದ್ಯಗಳ ಸಂಖ್ಯೆ ನಿರ್ಧರಿಸುತ್ತಾರೆ. ಇತ್ತೀಚಿನ ವರ್ಷಗಳ ಪಟ್ಟಿಯಲ್ಲಿ ಅಜಾಗರೂಕತೆಯಿಂದ ತಲೆಗೆ ತಾಗಿದರೆ ಮಧ್ಯಮ ಪರಿಣಾಮಕ್ಕೆ 1, ಹೆಚ್ಚಿನದಕ್ಕೆ 2, ತೀವ್ರಕ್ಕೆ 3 ಅಥವಾ ಹೆಚ್ಚು. ಗಾಯ ಆಗಬಹುದಾಗಿದ್ದ ಸಾಧ್ಯತೆಯನ್ನೂ ಪರಿಗಣಿಸಬಹುದು ಎಂದಿದೆ ನಿಜ. ಆದರೂ ತಕ್ಕಡಿ ವಾಲುವುದು ವೈದ್ಯರ ವರದಿಯ ಕಡೆಗೇ. ಒಂದೇ ರೀತಿಯ ಎರಡು ಬಂಪ್‌ಗಳಲ್ಲಿ ಒಬ್ಬ ಎದ್ದು ಓಡಿದರೆ ಹೊಡೆದವನಿಗೆ ದಂಡವಷ್ಟೇ ಆಗಬಹುದು. ಇನ್ನೊಬ್ಬ ಏಳದಿದ್ದರೆ ತಿಂಗಳ ನಿಷೇಧ. ಆಟಗಾರ ಬದಲಿಸಿಕೊಳ್ಳಬಹುದಾದದ್ದು ತನ್ನ ಕ್ರಿಯೆಯನ್ನು ಮಾತ್ರ. ಎದುರಾಳಿಯ ಕುತ್ತಿಗೆಯ ಗಟ್ಟಿತನವನ್ನಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಊರಿನ ಹಲವು ಲೀಗುಗಳಲ್ಲಿ ಅಂಪೈರ್ ಕೆಂಪು ಕಾರ್ಡ್ ತೋರಿಸಿ ಆಟಗಾರನನ್ನು ಹೊರಗೆ ಕಳಿಸಬಹುದು. ಅತ್ಯುನ್ನತ ಮಟ್ಟದ ಎಎಫ್‌ಎಲ್ ಅದನ್ನು ಒಪ್ಪದೆಯೇ ಇಷ್ಟು ದಶಕ ಕಳೆದಿದೆ. 2018ರ ಆಗಸ್ಟ್‌ನಲ್ಲಿ ಪರ್ತ್‌ನ ಎರಡು ತಂಡಗಳ ಪಂದ್ಯದಲ್ಲಿ ವೆಸ್ಟ್ ಕೋಸ್ಟ್‌ನ ಆ್ಯಂಡ್ರ್ಯೂ ಗ್ಯಾಫ್ ಚೆಂಡಿನಿಂದ ದೂರದಲ್ಲಿ ಬಿಟ್ಟ ಗುದ್ದಿಗೆ ಫ್ರೀಮ್ಯಾಂಟಲ್‌ನ 18 ವರ್ಷದ ಆ್ಯಂಡ್ರ್ಯೂ ಬ್ರೇಶಾ, ಆಂಗಸ್‌ರ ತಮ್ಮ, ದವಡೆ ಮುರಿದುಕೊಂಡರು. ಹಲ್ಲುಗಳು ಜಾಗ ಬಿಟ್ಟವು. ಬ್ರೇಶಾ ಆಟ ಅಲ್ಲಿಗೆ ಮುಗಿಯಿತು. ಗ್ಯಾಫ್ ಮೈದಾನದಲ್ಲಿ ಉಳಿದು ಆಡಿದರು, ಅವರ ತಂಡವೇ ಗೆದ್ದಿತು. 8 ಪಂದ್ಯಗಳ ನಿಷೇಧ ಶುರುವಾದದ್ದು ಮುಂದಿನ ವಾರದಿಂದ. ಅದರ ಲಾಭ ಸಿಕ್ಕಿದ್ದು ಆಮೇಲೆ ವೆಸ್ಟ್ ಕೋಸ್ಟ್ ವಿರುದ್ಧ ಆಡಿದ ಬೇರೆ ತಂಡಗಳಿಗೆ. ಒಬ್ಬ ಕಡಿಮೆಯಾಗಿ ಆ ಸಂಜೆ ಆಟ ಮುಗಿಸಿದ ಫ್ರೀಮ್ಯಾಂಟಲ್‌ಗೆ ಅದರಿಂದ ಏನೂ ಬರಲಿಲ್ಲ.